ಹತ್ತು ಸೆಕೆಂಡಿನ ಸಿಲಿಂಡರ್: ಮನೆಗೊಂದು ಫೈರ್ ಎಕ್ಸ್‌ಟಿಂಗ್ವಿಶರ್ ಕೊಳ್ಳುವುದು, ಬಳಸುವುದು ಹೇಗೆ?

ಗೌರಿ ಹಬ್ಬದ ಹಿಂದಿನ ದಿನ. ಚಕ್ಕುಲಿಗೆಂದು ಎಣ್ಣೆ ಕಾಯಲು ಇಟ್ಟು ನಾನು ಫೋನ್ ಎತ್ತಿಕೊಂಡೆ. ಎರಡು ನಿಮಿಷದ ಮಾತು ಹತ್ತು ನಿಮಿಷವಾಯಿತು. ತಿರುಗಿ ನೋಡಿದರೆ ಬಾಣಲೆಯಿಂದ ದಟ್ಟ ಹೊಗೆ, ನೋಡನೋಡುತ್ತಲೇ ಭುಗ್ಗೆಂದು ಬೆಂಕಿ. ಮನೆಯಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇತ್ತು. ಗೃಹಪ್ರವೇಶಕ್ಕೆ ಭಾವ ತಂದುಕೊಟ್ಟಿದ್ದು. ಆದರೆ ಅದು ಇದ್ದದ್ದು ಅಟ್ಟದ ಮೇಲೆ, ದಸರಾ ಗೊಂಬೆಗಳ ಪೆಟ್ಟಿಗೆಯ ಹಿಂದೆ. ನಾನು ಸ್ಟೂಲ್ ಹುಡುಕಿ ತರುವಷ್ಟರಲ್ಲಿ ಅಮ್ಮ ಒಲೆ ಆರಿಸಿದ್ದರು. ಹಿಟ್ಟು ಕಲಸಲು ಇಟ್ಟುಕೊಂಡಿದ್ದ ದೊಡ್ಡ ಸ್ಟೀಲ್ ತಟ್ಟೆಯನ್ನು ಪಕ್ಕದಿಂದ ಜಾರಿಸಿ ಬಾಣಲೆಗೆ ಮುಚ್ಚಿದ್ದರು. ಬೆಂಕಿ ಆರಿತ್ತು. ನಾನು ಸ್ಟೂಲ್ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ.

ಹಬ್ಬ ಕಳೆದ ಮೇಲೆ ಆ ಸಿಲಿಂಡರ್ ಕೆಳಗಿಳಿಸಿ ನೋಡಿದೆ. ಒಳಗಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಕೆಂಪಿನಲ್ಲಿತ್ತು. ಅಂದರೆ, ಕೈಗೆ ಸಿಕ್ಕಿದ್ದರೂ ಅದರಿಂದ ಏನೂ ಬರುತ್ತಿರಲಿಲ್ಲ!

ಆಮೇಲೆ ಅಂಗಡಿ ಸುತ್ತಿ, ಲೇಬಲ್ ಓದಿ, ಒಂದನ್ನು ಬಯಲಲ್ಲಿ ಖಾಲಿ ಮಾಡಿಯೂ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮೊದಲು ತಿಳಿಯಬೇಕಾದ್ದು ಒಂದೇ: ಮನೆಗೆ ತರುವ ಚಿಕ್ಕ ಸಿಲಿಂಡರ್ ಓಡುವುದು ಸುಮಾರು ಹತ್ತು ಸೆಕೆಂಡು. ಯಾವುದನ್ನು ಕೊಳ್ಳಬೇಕು, ಎಲ್ಲಿ ತೂಗುಹಾಕಬೇಕು, ಯಾವಾಗ ಅದನ್ನು ಮುಟ್ಟದೆ ಹೊರಗೆ ಓಡಬೇಕು, ಎಲ್ಲವೂ ಈ ಹತ್ತು ಸೆಕೆಂಡಿನ ಲೆಕ್ಕದ ಮೇಲೆ ನಿಂತಿದೆ.

ಲೇಬಲ್ ಮೇಲಿನ ಅಕ್ಷರಗಳು

ಬೆಂಕಿಯಲ್ಲೂ ಬಗೆಗಳಿವೆ. ಸಿಲಿಂಡರ್ ಮೇಲೆ ಎ, ಬಿ, ಸಿ ಅಂತ ಬರೆದಿರುವುದು ಅದಕ್ಕೇ. ಎ ಅಂದರೆ ಕಟ್ಟಿಗೆ, ಕಾಗದ, ಬಟ್ಟೆ, ಹಾಸಿಗೆಯಂಥ ಘನ ವಸ್ತುಗಳ ಬೆಂಕಿ. ಬಿ ಅಂದರೆ ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್‌ನಂಥ ದ್ರವಗಳದ್ದು. ಸಿ ಅಂದರೆ ಗ್ಯಾಸ್. ಡಿ ಲೋಹದ ಬೆಂಕಿ, ಅದು ಕಾರ್ಖಾನೆಯವರ ತಲೆನೋವು. ಎಫ್ ಅಂದರೆ ಅಡುಗೆ ಎಣ್ಣೆ, ತುಪ್ಪದ ಬೆಂಕಿ. ನಮ್ಮ ಮನೆಗಳಿಗೆ ಇದೇ ಮುಖ್ಯ, ಆದರೆ ಅಂಗಡಿಯಲ್ಲಿ ಇದರ ಮಾತು ಎತ್ತುವವರು ಕಡಿಮೆ.

ಕರೆಂಟಿನ ಬೆಂಕಿಗೆ ನಮ್ಮಲ್ಲಿ ಬೇರೆ ಅಕ್ಷರ ಇಲ್ಲ. ಕರೆಂಟ್ ತೆಗೆದ ಮೇಲೆ ಉರಿಯುತ್ತಿರುವುದು ಪ್ಲಾಸ್ಟಿಕ್ಕೋ ಮರವೋ ಆಗಿರುತ್ತದೆ, ಅಂದರೆ ಅದು ಮತ್ತೆ ಎ ಬೆಂಕಿಯೇ. ಅಮೆರಿಕದಲ್ಲಿ ಮಕ್ಕಳ ಮನೆಗೆ ಹೋದವರು ಒಂದು ವಿಷಯ ಗಮನಿಸಿ. ಅಲ್ಲಿನ ಲೇಬಲ್‌ನಲ್ಲಿ ಸಿ ಅಂದರೆ ಕರೆಂಟು, ಅಡುಗೆ ಎಣ್ಣೆಗೆ ಕೆ ಅಕ್ಷರ. ಇಲ್ಲಿಯ ಅರ್ಥವನ್ನು ಅಲ್ಲಿಗೆ ಹೊತ್ತುಕೊಂಡು ಹೋದರೆ ಎಡವಟ್ಟಾಗುತ್ತದೆ.

ಅಂಗಡಿಯಲ್ಲಿ ಸಿಗುವ ಬಗೆಗಳು

ಹೆಚ್ಚಾಗಿ ಸಿಗುವುದು ಎಬಿಸಿ ಪೌಡರ್. ಒಳಗೆ ನುಣ್ಣನೆಯ ತಿಳಿ ಬಣ್ಣದ ಪುಡಿ, ಅದನ್ನು ಹೊರಗೆ ತಳ್ಳಲು ನೈಟ್ರೋಜನ್. ಒತ್ತಡ ಸುಮಾರು 15 ಬಾರ್. ಕಾರಿನ ಟೈರ್‌ನಲ್ಲಿರುವ ಗಾಳಿಯ ಆರೇಳು ಪಟ್ಟು ಅಂದುಕೊಳ್ಳಿ. ಪುಡಿಯ ಮುಖ್ಯ ವಸ್ತು ಮಾನೋ ಅಮೋನಿಯಂ ಫಾಸ್ಫೇಟ್. ಈ ಹೆಸರು ಕೇಳಿ ಹೆದರಬೇಡಿ. ಡ್ರಿಪ್ ಹಾಕಿರುವ ರೈತರಿಗೆ ಇದು 12:61:0 ಗೊಬ್ಬರವಾಗಿ ಚೆನ್ನಾಗಿ ಗೊತ್ತು. ಹಾಗಂತ ಸಿಲಿಂಡರ್ ಪುಡಿಯನ್ನು ಗಿಡಕ್ಕೆ ಹಾಕಬೇಡಿ. ಗಟ್ಟಿಕಟ್ಟದಿರಲಿ ಅಂತ ಅದಕ್ಕೆ ಬೇರೆ ವಸ್ತುಗಳನ್ನೂ ಸೇರಿಸಿರುತ್ತಾರೆ. ಬೆಂಕಿಗೆ ಬಿದ್ದಾಗ ಈ ಪುಡಿ ಕರಗಿ, ಉರಿಯುವ ವಸ್ತುವಿನ ಮೇಲೆ ಪದರವಾಗಿ ಕೂರುತ್ತದೆ. ಗಾಳಿಯನ್ನು ತಡೆಯುತ್ತದೆ, ಉರಿಯ ಕ್ರಿಯೆಯನ್ನೇ ಕತ್ತರಿಸುತ್ತದೆ. ಆದರೆ ತಣ್ಣಗೆ ಮಾಡುವುದಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಸಿಓಟು, ಅಂದರೆ ಕಾರ್ಬನ್ ಡೈಆಕ್ಸೈಡ್. ಟಿವಿ, ಕಂಪ್ಯೂಟರ್, ಸ್ವಿಚ್ ಬೋರ್ಡ್‌ಗೆ ಒಳ್ಳೆಯದು, ಯಾಕೆಂದರೆ ಆಮೇಲೆ ಒಂದು ಚೂರೂ ಉಳಿಯುವುದಿಲ್ಲ. ಆದರೆ ಸಿಲಿಂಡರ್ ಭಾರ, ಬೆಲೆ ಜಾಸ್ತಿ. ಚಿಕ್ಕ, ಮುಚ್ಚಿದ ಕೋಣೆಯಲ್ಲಿ ಬಿಟ್ಟರೆ ನಮಗೇ ಉಸಿರು ಕಟ್ಟುತ್ತದೆ. ಹಾಸಿಗೆ, ಬಟ್ಟೆಯ ಬೆಂಕಿಗೆ ಸಾಲದು. ಮನೆಗೆ ಇದೊಂದೇ ಇದ್ದರೆ ಸಾಕು ಅಂತ ನನಗೆ ಅನ್ನಿಸುವುದಿಲ್ಲ.

ಮೂರನೆಯದು ಎಫ್ ಗುರುತಿನ ವೆಟ್ ಕೆಮಿಕಲ್. ಪೊಟ್ಯಾಸಿಯಂ ಲವಣದ ದ್ರಾವಣ ಇದರಲ್ಲಿರುತ್ತದೆ. ಕಾದ ಎಣ್ಣೆಯ ಮೇಲೆ ಮೆಲ್ಲಗೆ ಹನಿಹನಿಯಾಗಿ ಬಿದ್ದು ಸೋಪಿನಂಥ ನೊರೆ ಪದರ ಕಟ್ಟುತ್ತದೆ, ಎಣ್ಣೆಯನ್ನು ತಣಿಸುತ್ತದೆ ಕೂಡ. ಹೋಟೆಲ್ ಅಡುಗೆಮನೆಗಳಿಗೆ, ಮನೆಯಲ್ಲೇ ಕುರುಕಲು ತಿಂಡಿ ಮಾಡಿ ಮಾರುವವರಿಗೆ ಇದು ಬೇಕೇ ಬೇಕು. ದಿನಾ ಪಲ್ಯ, ಸಾರು ಮಾಡುವ ಮನೆಗೆ ಒಂದು ದೊಡ್ಡ ಮುಚ್ಚಳ, ಸಾಧ್ಯವಾದರೆ ಒಂದು ಫೈರ್ ಬ್ಲಾಂಕೆಟ್ (ಬೆಂಕಿಯ ಮೇಲೆ ಹೊದಿಸುವ, ಸುಲಭಕ್ಕೆ ಉರಿಯದ ಬಟ್ಟೆ) ಸಾಕು.

ಇವಲ್ಲದೆ ಬೆಂಕಿಗೆ ಎಸೆಯುವ ಚೆಂಡುಗಳು, ಡಿಯೋಡರೆಂಟ್ ಡಬ್ಬಿಯಂಥ ಸ್ಪ್ರೇಗಳೂ ಇವೆ. ಸ್ಪ್ರೇ ಇರಲಿ ಪರವಾಗಿಲ್ಲ, ಆದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಎಷ್ಟು ಕೆಜಿ?

ಅಂಗಡಿಯವರು ಸಾಮಾನ್ಯವಾಗಿ ಎರಡು ತುದಿ ತೋರಿಸುತ್ತಾರೆ. ಕಾರಿಗೆ ಇಡುವ ಅರ್ಧ ಕೆಜಿ, ಒಂದು ಕೆಜಿಯದ್ದು ಒಂದು ಕಡೆ. ಆಫೀಸ್ ಗೋಡೆಗೆ ಹಾಕುವ ಆರು ಕೆಜಿಯದ್ದು ಇನ್ನೊಂದು ಕಡೆ. ಲೇಬಲ್ ಮೇಲಿರುವುದು ಒಳಗಿನ ಪುಡಿಯ ತೂಕ ಮಾತ್ರ. ಕಬ್ಬಿಣ ಸೇರಿದರೆ ಆರು ಕೆಜಿಯ ಸಿಲಿಂಡರ್ ಒಂಬತ್ತು ಕೆಜಿ ದಾಟುತ್ತದೆ. ಗಾಬರಿಯಲ್ಲಿ, ಒಂದು ಕೈಯಲ್ಲಿ ಎತ್ತಿ ಇನ್ನೊಂದು ಕೈಯಲ್ಲಿ ಗುರಿ ಇಡಬೇಕು ಅಂದರೆ ಯಾರಿಗೆ ಆಗುತ್ತದೆ?

ನನ್ನ ಆಯ್ಕೆ ಎರಡು ಕೆಜಿ ಎಬಿಸಿ. ಒಟ್ಟು ತೂಕ ನಾಲ್ಕು ಕೆಜಿಯ ಒಳಗೇ ಬರುತ್ತದೆ. ಕೊಳ್ಳುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಅವರು ಒಂದು ಕೈಯಲ್ಲಿ ಎತ್ತಿ, ನಾಲ್ಕು ಹೆಜ್ಜೆ ನಡೆದು, "ಇದಾಗುತ್ತೆ" ಅಂದ ಮೇಲೆಯೇ ದುಡ್ಡು ಕೊಟ್ಟೆ. ಹಗಲು ಹೊತ್ತು ಮನೆಯಲ್ಲಿ ಇರುವವರು ಯಾರೋ ಅವರ ಕೈಗೆ ಒಗ್ಗಬೇಕು. ದೊಡ್ಡ ಮನೆ, ಗ್ಯಾರೇಜ್, ತೋಟದ ಮನೆ ಇದ್ದರೆ ನಾಲ್ಕು ಕೆಜಿಯದ್ದು ಒಂದು ಸೇರಿಸಿ. ಮಹಡಿ ಮನೆಗೆ ಮಹಡಿಗೊಂದು. ಒಂದು ದೊಡ್ಡದಕ್ಕಿಂತ ಎರಡು ಚಿಕ್ಕವು ಮೇಲು ಅನ್ನುವುದು ನನ್ನ ಅಭಿಪ್ರಾಯ.

ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ಮೊದಲು ಐಎಸ್‌ಐ ಗುರುತು. ಅದರ ಜೊತೆಗೆ ಐಎಸ್ 15683 ಅನ್ನುವ ಸಂಖ್ಯೆ ಇರಬೇಕು. ಕೈಯಲ್ಲಿ ಎತ್ತಬಹುದಾದ ಫೈರ್ ಎಕ್ಸ್‌ಟಿಂಗ್ವಿಶರ್‌ಗಳಿಗೆ ನಮ್ಮ ದೇಶದ ಮಾನದಂಡ ಅದು. ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಗೆ, ಯಾವ ವಸ್ತುವಿಗೆ ಕೊಟ್ಟ ಲೈಸೆನ್ಸ್ ಅಂತ ತೋರಿಸುತ್ತದೆ. ಅಂಗಡಿಯಲ್ಲಿ ನಿಂತೇ ಒಂದು ನಿಮಿಷದಲ್ಲಿ ನೋಡಬಹುದು. ನಾಚಿಕೊಳ್ಳಬೇಡಿ.

ಆಮೇಲೆ ತಯಾರಾದ ತಿಂಗಳು, ವರ್ಷ. ನಾನು ಮೊದಲು ಹೋದ ಅಂಗಡಿಯಲ್ಲಿ ಹುಡುಗ ಒಂದು ಸಿಲಿಂಡರ್ ತಂದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಮುಂದಿಟ್ಟ. ಫಳಫಳ ಹೊಳೆಯುತ್ತಿತ್ತು. ತಿರುಗಿಸಿ ನೋಡಿದರೆ ತಯಾರಾಗಿ ಮೂರು ವರ್ಷವಾಗಿತ್ತು. "ಅದೇನೂ ಹಾಳಾಗಲ್ಲ ಸಾರ್" ಅಂದ. ಅಷ್ಟು ವರ್ಷ ಕೂತಿದ್ದಕ್ಕೆ ಹೊಸದರ ಬೆಲೆ ಯಾಕೆ ಕೊಡಬೇಕು ಹೇಳಿ.

ಗೇಜಿನ ಮುಳ್ಳು ಹಸಿರಿನ ನಡುವೆ ಇರಲಿ. ಪಿನ್‌ಗೆ ಹಾಕಿರುವ ಪ್ಲಾಸ್ಟಿಕ್ ಸೀಲ್ ಕತ್ತರಿಸಿರಬಾರದು. ಮೈಮೇಲೆ ನೆಗ್ಗು, ತುಕ್ಕು ಇರಬಾರದು. 1ಎ, 21ಬಿ ಎಂಬಂಥ ಅಂಕಿ ಇದ್ದರೆ, ಅದು ಪರೀಕ್ಷೆಯಲ್ಲಿ ಎಷ್ಟು ದೊಡ್ಡ ಬೆಂಕಿ ನಂದಿಸಿತು ಅನ್ನುವುದರ ಅಳತೆ. ಒಂದೇ ತೂಕದ ಎರಡು ಸಿಲಿಂಡರ್‌ಗಳಲ್ಲಿ ಅಂಕಿ ದೊಡ್ಡದಿರುವುದನ್ನು ಆರಿಸಿ. ಪೌಡರ್‌ನಲ್ಲೂ 50, 90 ಅಂತ ದರ್ಜೆಗಳಿವೆ. ಅದು ಪುಡಿಯಲ್ಲಿ ಮಾನೋ ಅಮೋನಿಯಂ ಫಾಸ್ಫೇಟ್ ಶೇಕಡಾ ಎಷ್ಟು ಅನ್ನುವ ಲೆಕ್ಕ. ಬೆಲೆಯಲ್ಲಿ ವ್ಯತ್ಯಾಸ ಕಂಡರೆ ಈ ಅಂಕಿಯನ್ನೂ ಕೇಳಿ. ಬಿಲ್ ಇಸಿದುಕೊಳ್ಳಿ, ಗೋಡೆಗೆ ಹಾಕುವ ಕೊಕ್ಕೆಯನ್ನು ಮರೆಯದೆ ಕೇಳಿ ಪಡೆಯಿರಿ.

ಎಲ್ಲಿ ಇಡಬೇಕು?

ಒಲೆಯ ಪಕ್ಕ ಅಲ್ಲ. ಬೆಂಕಿ ಬಿದ್ದಾಗ ಬೆಂಕಿಯ ಆಚೆ ಕೈಚಾಚಿ ತೆಗೆಯುವ ಹಾಗಿರಬಾರದು. ಅಡುಗೆಮನೆಯ ಬಾಗಿಲ ಹೊರಗೆ, ಮುಂಬಾಗಿಲಿಗೆ ಹೋಗುವ ದಾರಿಯಲ್ಲಿ ಇರಬೇಕು. ಹಾಗಿದ್ದರೆ ಸಿಲಿಂಡರ್ ತರಲು ಹೋಗುವ ಹೆಜ್ಜೆ ಹೊರಗೆ ಹೋಗುವ ಹೆಜ್ಜೆಯೂ ಆಗುತ್ತದೆ. ಅಲ್ಲಿಂದ ತಿರುಗಿ ನೋಡಿ, ಬೆಂಕಿ ದೊಡ್ಡದಾಗಿದೆ ಅನ್ನಿಸಿದರೆ ಹಾಗೇ ಹೊರಟುಬಿಡಬಹುದು.

ಎದೆಮಟ್ಟದಲ್ಲಿ ಗಟ್ಟಿ ಮೊಳೆಗೆ ತೂಗುಹಾಕಿ. ಬೀರುವಿನ ಒಳಗೆ, ಪರದೆಯ ಹಿಂದೆ, ಫ್ರಿಜ್ ಸಂದಿಯಲ್ಲಿ ಬೇಡ. ಬಿಸಿಲು ಬೀಳುವ ಬಾಲ್ಕನಿ ಬೇಡ. ಹಾಲ್‌ನ ಅಂದ ಕೆಡುತ್ತದೆ ಅನ್ನುವ ದೂರು ನಮ್ಮ ಮನೆಯಲ್ಲೂ ಬಂತು. ಎರಡು ವಾರ ಕಳೆದ ಮೇಲೆ ಯಾರ ಕಣ್ಣಿಗೂ ಅದು ಬೀಳುತ್ತಿಲ್ಲ. ಕತ್ತಲಲ್ಲಿ ಕೈಹಾಕಿದರೂ ಸಿಗಬೇಕು ಅಷ್ಟೇ.

ಬೆಂಕಿ ಕಂಡಾಗ: ಮೊದಲು ನಿರ್ಧಾರ, ಆಮೇಲೆ ಸಿಲಿಂಡರ್

ಕೂಗಿ ಎಲ್ಲರನ್ನೂ ಹೊರಗೆ ಕಳಿಸಿ. ಒಬ್ಬರು 101ಕ್ಕೋ 112ಕ್ಕೋ ಫೋನ್ ಮಾಡಲಿ. ನೀವು ನಂದಿಸಿಯೇ ಬಿಡುತ್ತೀರಿ ಅನ್ನಿಸಿದರೂ ಫೋನ್ ಮಾಡಲಿ. ಆಮೇಲೆ ನಿಮ್ಮನ್ನೇ ಕೇಳಿಕೊಳ್ಳಿ. ಬೆಂಕಿ ಕಸದ ಬುಟ್ಟಿಯಷ್ಟೇ ಇದೆಯಾ? ನನ್ನ ಬೆನ್ನ ಹಿಂದೆ ಬಾಗಿಲು ಇದೆಯಾ? ಹೊಗೆ ಇನ್ನೂ ತಲೆಯ ಮಟ್ಟಕ್ಕೆ ಇಳಿದಿಲ್ಲ ತಾನೆ? ಇದರಲ್ಲಿ ಒಂದಕ್ಕೆ ಉತ್ತರ ತಪ್ಪಿದರೂ ಸಿಲಿಂಡರ್ ಬಿಡಿ, ಬಾಗಿಲು ಎಳೆದು ಮುಚ್ಚಿ ಹೊರಗೆ ನಡೆಯಿರಿ. ಮುಚ್ಚಿದ ಬಾಗಿಲೇ ಬೆಂಕಿಯನ್ನು ಸಾಕಷ್ಟು ಹೊತ್ತು ತಡೆಯುತ್ತದೆ. ಲಿಫ್ಟ್ ಹತ್ತಬೇಡಿ.

ಹೊಗೆಯ ವಿಷಯವನ್ನು ಒತ್ತಿ ಹೇಳಲು ಕಾರಣವಿದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ತೀರಿಕೊಂಡರು. ಅಲ್ಲಿ ಜನರನ್ನು ಸಿಕ್ಕಿಸಿ ಹಾಕಿದ್ದು ಮುಖ್ಯವಾಗಿ ಹೊಗೆ. ತಾಳಲಾರದೆ ಕೆಲವರು ಮೇಲಿನ ಮಹಡಿಗಳಿಂದ ಜಿಗಿದರು. ಜ್ವಾಲೆ ಚಿಕ್ಕದಿದೆ ಅಂತ ಧೈರ್ಯ ತಂದುಕೊಂಡು ಹೊಗೆ ತುಂಬಿದ ಕೋಣೆಗೆ ನುಗ್ಗಬೇಡಿ. ಹೊಗೆಯಲ್ಲಿ ಸಿಕ್ಕಿದರೆ ಬಗ್ಗಿ, ನೆಲಕ್ಕೆ ಹತ್ತಿರವಾಗಿ ತೆವಳಿ ಹೊರಗೆ ಬನ್ನಿ.

ಬಳಸುವ ಕ್ರಮ

1. ಸಿಲಿಂಡರ್ ನೆಲದ ಮೇಲಿಡಿ, ಅಥವಾ ಕೆಳಗಿನ ಹಿಡಿಯಲ್ಲಿ ಮಾತ್ರ ಹಿಡಿದುಕೊಳ್ಳಿ. ಪಿನ್ನನ್ನು ಸ್ವಲ್ಪ ತಿರುಚಿ ಎಳೆಯಿರಿ, ಪ್ಲಾಸ್ಟಿಕ್ ಸೀಲ್ ತಾನಾಗೇ ತುಂಡಾಗುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಗಾಬರಿಯಲ್ಲಿ ಎರಡೂ ಹಿಡಿಗಳನ್ನು ಬಿಗಿಯಾಗಿ ಒತ್ತಿಕೊಂಡೇ ಪಿನ್ ಎಳೆಯುತ್ತಾರೆ. ಹಿಡಿ ಒತ್ತಿದಷ್ಟೂ ಪಿನ್ ಸಿಕ್ಕಿಕೊಳ್ಳುತ್ತದೆ. ಕೈ ಸಡಿಲ ಬಿಡಿ, ಸರಕ್ಕನೆ ಬರುತ್ತದೆ.

2. ಆರರಿಂದ ಎಂಟು ಅಡಿ ದೂರದಲ್ಲಿ ನಿಲ್ಲಿ. ಬೆನ್ನು ಬಾಗಿಲ ಕಡೆಗಿರಲಿ. ಬಯಲಾದರೆ ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿರಲಿ.

3. ನಳಿಕೆಯನ್ನು ಬೆಂಕಿಯ ಬುಡಕ್ಕೆ ತೋರಿಸಿ. ಕಣ್ಣು ಹೋಗುವುದು ಜ್ವಾಲೆಯ ತುದಿಗೆ, ಕೈಯೂ ಅಲ್ಲಿಗೇ ಹೋಗುತ್ತದೆ. ತುದಿಗೆ ಹೊಡೆದ ಪುಡಿ ಗಾಳಿಗೆ ಹೋದ ಹಾಗೆ. ಉರಿಯುತ್ತಿರುವ ವಸ್ತು ಎಲ್ಲಿದೆಯೋ ಅಲ್ಲಿಗೆ ಹೊಡೆಯಿರಿ.

4. ಮೇಲಿನ ಹಿಡಿಯನ್ನು ಪೂರ್ತಿ ಒತ್ತಿ. ದೊಡ್ಡ ಸದ್ದು ಬರುತ್ತದೆ, ಬಿಳಿ ಮೋಡ ಏಳುತ್ತದೆ. ಕೋಣೆಯಲ್ಲಿ ಕ್ಷಣದಲ್ಲಿ ಏನೂ ಕಾಣದಂತಾಗಬಹುದು, ಕೆಮ್ಮು ಬರಬಹುದು. ಇದು ಗೊತ್ತಿಲ್ಲದವರು ಬೆಚ್ಚಿಬಿದ್ದು ಕೈ ಬಿಟ್ಟುಬಿಡುತ್ತಾರೆ.

5. ಬುಡದ ಉದ್ದಕ್ಕೂ ಕಸ ಗುಡಿಸಿದ ಹಾಗೆ ಎಡಕ್ಕೆ, ಬಲಕ್ಕೆ ಬೀಸಿ. ಉರಿ ತಗ್ಗಿದ ಹಾಗೆ ಒಂದೊಂದೇ ಹೆಜ್ಜೆ ಮುಂದೆ ಹೋಗಿ.

6. ಆರಿದ ಮೇಲೆ ಬೆನ್ನು ತಿರುಗಿಸಬೇಡಿ. ನೋಡುತ್ತಲೇ ಹಿಂದಕ್ಕೆ ಬನ್ನಿ. ಪುಡಿ ತಣ್ಣಗೆ ಮಾಡುವುದಿಲ್ಲ ಅಂದೆನಲ್ಲ, ಅದಕ್ಕೇ ಮತ್ತೆ ಹೊತ್ತಿಕೊಳ್ಳಬಹುದು.

ಸಿಲಿಂಡರ್ ಖಾಲಿಯಾದರೂ ಬೆಂಕಿ ಆರಲಿಲ್ಲವೇ? ನಿಮ್ಮ ಕೆಲಸ ಮುಗಿಯಿತು. ಬಾಗಿಲು ಮುಚ್ಚಿ ಹೊರಗೆ ಬನ್ನಿ. ಇನ್ನೊಂದನ್ನು ಹುಡುಕಲು ಒಳಗೆ ಹೋಗಬೇಡಿ.

ಸಿಓಟು ಬಳಸುವವರಿಗೆ ಒಂದು ಮಾತು. ಅದರ ಕಹಳೆಯಂಥ ಬಾಯಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಅನಿಲ ಹೊರಬರುವಾಗ ಅದು ಚರ್ಮ ಅಂಟಿಕೊಳ್ಳುವಷ್ಟು ತಣ್ಣಗಾಗುತ್ತದೆ. ಹಿಡಿಯಲು ಬೇರೆ ಜಾಗ ಕೊಟ್ಟಿರುತ್ತಾರೆ. ಕೆಲಸ ಮುಗಿದ ಕೂಡಲೇ ಹೊರಬಂದು ಕೋಣೆಗೆ ಗಾಳಿ ಆಡಲು ಬಿಡಿ.

ಬಾಣಲೆಯ ಬೆಂಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಮನೆಗಳಲ್ಲಿ ಕರಿಯುವುದು ಜಾಸ್ತಿ. ಹಬ್ಬ ಬಂದರೆ ಕೇಳುವುದೇ ಬೇಡ.

ಎಣ್ಣೆ ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುವುದಿಲ್ಲ. ಮೊದಲು ತೆಳುವಾಗಿ ಹೊಗೆಯಾಡುತ್ತದೆ, ಆಮೇಲೆ ಹೊಗೆ ದಟ್ಟವಾಗುತ್ತದೆ, ಘಾಟು ಬರುತ್ತದೆ. ಅಷ್ಟರೊಳಗೆ ಒಲೆ ಆರಿಸಿದರೆ ಬೆಂಕಿಯ ಮಾತೇ ಇಲ್ಲ. ಕಾಯಿಸುತ್ತಲೇ ಹೋದರೆ ಒಂದು ಹಂತದಲ್ಲಿ ಕಿಡಿಯೇ ಬೇಡ, ಎಣ್ಣೆ ತಾನಾಗಿ ಉರಿಯುತ್ತದೆ.

ಆಗ ನೀರು ಹಾಕಲೇಬಾರದು. ನೀರು ಎಣ್ಣೆಗಿಂತ ಭಾರ. ಕೆಳಗಿಳಿದು ಕ್ಷಣದಲ್ಲಿ ಆವಿಯಾಗುತ್ತದೆ. ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಮೇಲಿರುವ ಉರಿಯುವ ಎಣ್ಣೆಯನ್ನೆಲ್ಲ ಹೊತ್ತುಕೊಂಡು ಸಿಡಿಯುತ್ತದೆ. ಒಂದು ಲೋಟ ನೀರು ಸಾಕು, ಉರಿ ಚಾವಣಿ ಮುಟ್ಟುತ್ತದೆ. ಬಾಣಲೆಯನ್ನು ಎತ್ತಿಕೊಂಡು ಸಿಂಕಿಗೆ ಓಡುವುದೂ ಅಷ್ಟೇ ಅಪಾಯ. ತುಳುಕಿದ ಎಣ್ಣೆ ಕೈ, ಕಾಲು, ನೆಲ ಎಲ್ಲ ಕಡೆ ಬೆಂಕಿ ಹಚ್ಚುತ್ತದೆ.

ಒಲೆ ಆರಿಸಿ, ಕೈಗೆ ಎಟುಕಿದರೆ ಮಾತ್ರ. ಬಾಣಲೆಗಿಂತ ದೊಡ್ಡದಾದ ಲೋಹದ ಮುಚ್ಚಳ, ಪರಾತ ಅಥವಾ ಅಗಲ ತಟ್ಟೆಯನ್ನು ಗುರಾಣಿಯ ಹಾಗೆ ಮುಂದೆ ಹಿಡಿದು, ನಿಮ್ಮ ಕಡೆಯಿಂದ ಆ ಕಡೆಗೆ ಜಾರಿಸಿ ಮುಚ್ಚಿ. ಮೇಲಿಂದ ಬೀಳಿಸಬೇಡಿ, ಎಣ್ಣೆ ಚಿಮ್ಮುತ್ತದೆ. ಗಾಜಿನ ಮುಚ್ಚಳ ಬೇಡ, ಒಡೆಯಬಹುದು. ಮುಚ್ಚಿದ ಮೇಲೆ ಕನಿಷ್ಠ ಅರ್ಧ ಗಂಟೆ ತೆಗೆಯಬೇಡಿ. "ಆರಿತಾ ನೋಡೋಣ" ಅಂತ ಇಣುಕಿದರೆ ಗಾಳಿ ಸಿಕ್ಕಿ ಮತ್ತೆ ಭುಗಿಲೇಳುತ್ತದೆ. ಅಮ್ಮ ಅವತ್ತು ಆ ತಟ್ಟೆಯನ್ನು ಸಂಜೆಯವರೆಗೆ ಮುಟ್ಟಲು ಬಿಡಲಿಲ್ಲ.

ಹಾಗಾದರೆ ಎಬಿಸಿ ಸಿಲಿಂಡರ್? ಹತ್ತಿರದಿಂದ ಹೊಡೆದರೆ ಆ ರಭಸಕ್ಕೆ ಉರಿಯುವ ಎಣ್ಣೆಯೇ ಬಾಣಲೆಯಿಂದ ಹಾರುತ್ತದೆ. ಉರಿ ಆರಿದರೂ ಎಣ್ಣೆ ಕಾದೇ ಇರುವುದರಿಂದ ಮತ್ತೆ ಹತ್ತಿಕೊಳ್ಳಬಹುದು. ಹಾಗಾಗಿ ಬಾಣಲೆಗೆ ಮೊದಲು ಮುಚ್ಚಳ ಅಥವಾ ಫೈರ್ ಬ್ಲಾಂಕೆಟ್. ಎಬಿಸಿ ಇರುವುದು ಬೆಂಕಿ ಪರದೆಗೋ ಪಕ್ಕದ ಡಬ್ಬಗಳಿಗೋ ಹರಡಿದಾಗ. ಕರಿಯುವ ದಿನ ಮುಚ್ಚಳವನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಮೊದಲೇ ತೆಗೆದಿಟ್ಟುಕೊಳ್ಳಿ.

ಗ್ಯಾಸ್

ವಾಸನೆ ಬರುತ್ತಿದೆ, ಆದರೆ ಬೆಂಕಿ ಇಲ್ಲ. ಆಗ ಗ್ಯಾಸ್ ಸಿಲಿಂಡರ್‌ನ ರೆಗ್ಯುಲೇಟರ್ ಮುಚ್ಚಿ, ಬಾಗಿಲು, ಕಿಟಕಿ ತೆರೆದು ಹೊರಗೆ ಬನ್ನಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ, ಎಕ್ಸಾಸ್ಟ್ ಫ್ಯಾನ್ ಅಂತೂ ಬೇಡವೇ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡಿರುತ್ತದೆ. ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆ ಇರುವ ನಂಬರ್ ಅದು.

ಪೈಪ್‌ಗೋ ರೆಗ್ಯುಲೇಟರ್ ಬಳಿಯೋ ಬೆಂಕಿ ಹತ್ತಿದೆ. ಇಲ್ಲಿ ಗ್ಯಾಸ್ ನಿಲ್ಲಿಸುವುದು ಮುಖ್ಯ, ಉರಿ ಆರಿಸುವುದಲ್ಲ. ಪುಡಿ ಹೊಡೆದು ಉರಿ ಮಾತ್ರ ಆರಿಸಿ ಗ್ಯಾಸ್ ಸೋರುತ್ತಲೇ ಇದ್ದರೆ ಕೋಣೆ ತುಂಬಿಕೊಂಡು ಸ್ಫೋಟವಾಗಬಹುದು. ಒದ್ದೆ ಬಟ್ಟೆ ಸುತ್ತಿದ ಕೈಯಿಂದ ರೆಗ್ಯುಲೇಟರ್ ತಿರುಗಿಸಲು ಆಗುವಂತಿದ್ದರೆ ತಿರುಗಿಸಿ. ಅಗ್ನಿಶಾಮಕ ದಳದವರು ಶಾಲೆಗಳಲ್ಲಿ ಒದ್ದೆ ಗೋಣಿಚೀಲ ಮುಚ್ಚಿ ತೋರಿಸುವುದನ್ನು ನೋಡಿರಬಹುದು. ಅದು ಬಾಯಿಯ ಬಳಿ ಚಿಕ್ಕದಾಗಿ ಉರಿಯುವಾಗ ಮಾತ್ರ. ಗ್ಯಾಸ್ ಸಿಲಿಂಡರೇ ಬೆಂಕಿಯ ನಡುವೆ ಸಿಕ್ಕಿದ್ದರೆ ಮನೆ ಬಿಟ್ಟು ದೂರ ಹೋಗಿ. ಅಂದ ಹಾಗೆ, ನಿಮ್ಮ ಕಿತ್ತಳೆ ಬಣ್ಣದ ಗ್ಯಾಸ್ ಪೈಪ್ ಹಾಕಿ ಐದು ವರ್ಷ ಆಯಿತಾ? ತಾರೀಖು ಅದರ ಮೇಲೇ ಬರೆದಿರುತ್ತದೆ.

ಉಳಿದವು

ಕರೆಂಟಿನ ಬೆಂಕಿಗೆ ಮೊದಲು ಮೇನ್ ಸ್ವಿಚ್ ಇಳಿಸಿ. ಆಮೇಲೆ ಎಬಿಸಿ ಅಥವಾ ಸಿಓಟು. ನೀರು ಬೇಡ. ಮನೆಯವರೆಲ್ಲರಿಗೂ ಮೇನ್ ಸ್ವಿಚ್ ಎಲ್ಲಿದೆ ಅಂತ ಗೊತ್ತಿದೆಯಾ, ಇವತ್ತೇ ಕೇಳಿ.

ಹಾಸಿಗೆ, ಸೋಫಾ ಮೇಲೆ ಆರಿದ ಹಾಗೆ ಕಂಡರೂ ಒಳಗೆ ಹತ್ತಿ ಬೂದಿ ಮುಚ್ಚಿದ ಕೆಂಡದಂತೆ ಉರಿಯುತ್ತಿರುತ್ತದೆ. ಪುಡಿ ಹೊಡೆದ ಮೇಲೆ, ಹತ್ತಿರ ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬಕೆಟ್‌ಗಟ್ಟಲೆ ನೀರು ಹಾಕಿ ನೆನೆಸಬೇಕು.

ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಗೆ ಈ ಚಿಕ್ಕ ಸಿಲಿಂಡರ್ ನೆಚ್ಚಬೇಡಿ. ಲಿಥಿಯಂ ಬ್ಯಾಟರಿಯ ಒಳಗೆ ಒಂದು ಸೆಲ್ ಕಾದು ಪಕ್ಕದ್ದನ್ನು ಕಾಯಿಸುತ್ತಾ ಹೋಗುತ್ತದೆ. ಪುಡಿ ಅದನ್ನು ತಣಿಸಲಾರದು. ವಿಷದ ಹೊಗೆ ಬೇರೆ. ಎಲ್ಲರನ್ನೂ ಹೊರಗೆ ಕರೆತನ್ನಿ. ಈ ಕಾರಣಕ್ಕೇ ರಾತ್ರಿ ಹೊತ್ತು ಮುಂಬಾಗಿಲ ಬಳಿ, ಮೆಟ್ಟಿಲ ಕೆಳಗೆ ಚಾರ್ಜ್‌ಗೆ ಹಾಕಿ ಮಲಗಬೇಡಿ. ಅಲ್ಲಿ ಬೆಂಕಿ ಬಿದ್ದರೆ ಹೊರಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ, ಅಲ್ವಾ?

ಮೈಮೇಲಿನ ಬಟ್ಟೆಗೆ ಹತ್ತಿದರೆ ಓಡಬಾರದು. ನೆಲಕ್ಕೆ ಬಿದ್ದು ಹೊರಳಬೇಕು, ಅಥವಾ ಯಾರಾದರೂ ದಪ್ಪ ಹತ್ತಿ, ಉಣ್ಣೆಯ ಕಂಬಳಿ ಸುತ್ತಬೇಕು. ಸುಟ್ಟ ಜಾಗಕ್ಕೆ ನಲ್ಲಿಯ ತಣ್ಣೀರು 20 ನಿಮಿಷ ಹರಿಯಬಿಟ್ಟು ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದೂ ಬೇಡ.

ಆಮೇಲಿನ ಕೆಲಸ

ಪುಡಿ ಮನೆಯ ಮೂಲೆಮೂಲೆಗೂ ಹೋಗಿ ಕೂತಿರುತ್ತದೆ. ಮಾಸ್ಕ್ ಹಾಕಿಕೊಂಡು ಮೊದಲು ಒಣಗಿದ್ದಂತೆಯೇ ತೆಗೆಯಿರಿ, ಕೊನೆಗೆ ಒದ್ದೆ ಬಟ್ಟೆ. ತೇವ ತಾಗಿದರೆ ಈ ಪುಡಿ ಲೋಹವನ್ನು ತಿನ್ನುತ್ತದೆ, ಆದ್ದರಿಂದ ಟಿವಿ, ಮಿಕ್ಸಿ, ಒಲೆಯ ಬರ್ನರ್ ಬಳಿ ಉಳಿಯಲು ಬಿಡಬೇಡಿ. ಪುಡಿ ಬಿದ್ದ ತಿನಿಸು ಎಸೆದುಬಿಡಿ.

ಒಂದೇ ಸೆಕೆಂಡು ಒತ್ತಿದ್ದರೂ ಸಿಲಿಂಡರ್ ರೀಫಿಲ್ ಮಾಡಿಸಲೇಬೇಕು. ವಾಲ್ವ್‌ನಲ್ಲಿ ಪುಡಿ ಸಿಕ್ಕಿಕೊಂಡು ಒತ್ತಡ ಮೆಲ್ಲಗೆ ಸೋರಿಹೋಗುತ್ತದೆ. ಅರ್ಧ ತುಂಬಿದೆ ಅಂತ ಗೋಡೆಗೆ ಮತ್ತೆ ಹಾಕಿದರೆ ಒಳಗೆ ಪುಡಿ ಇರುತ್ತದೆ, ತಳ್ಳುವ ಗಾಳಿ ಇರುವುದಿಲ್ಲ.

ಇನ್ನು ತಿಂಗಳ ತಪಾಸಣೆ. ಕ್ಯಾಲೆಂಡರ್‌ನಲ್ಲಿ ಬರೆದುಕೊಂಡರೆ ಮರೆಯುತ್ತೇವೆ. ನಾನು ಗ್ಯಾಸ್ ಬುಕ್ ಮಾಡುವ ದಿನಕ್ಕೆ ಗಂಟು ಹಾಕಿದ್ದೇನೆ. ಬುಕ್ ಮಾಡಿದ ಕೂಡಲೇ ಗೇಜ್ ನೋಡುವುದು, ಸೀಲ್ ನೋಡುವುದು, ನಳಿಕೆಯಲ್ಲಿ ಜೇಡ ಗೂಡು ಕಟ್ಟಿದೆಯಾ ನೋಡುವುದು. ಸಿಲಿಂಡರ್ ತಲೆಕೆಳಗು ಮಾಡಿ ಮೆಲ್ಲಗೆ ತಟ್ಟಿದರೆ ತಳದಲ್ಲಿ ಬಿಗಿದುಕೊಂಡ ಪುಡಿ ಸಡಿಲವಾಗುತ್ತದೆ. ಸಿಓಟುಗೆ ಗೇಜ್ ಇರುವುದಿಲ್ಲ, ತೂಕ ಹಾಕಿಯೇ ನೋಡಬೇಕು.

ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ. ಆದರೆ ಕಣ್ಣೆದುರಿಗೇ ಬಿಚ್ಚಲಿ. ನಮ್ಮ ಹಳೆಯ ಸಿಲಿಂಡರ್‌ಗೆ ಒಮ್ಮೆ ಒಬ್ಬರು ಬಂದು ಹೊಸ ಸ್ಟಿಕರ್ ಅಂಟಿಸಿ ದುಡ್ಡು ತೆಗೆದುಕೊಂಡು ಹೋಗಿದ್ದರು. ಮುಳ್ಳು ಕೆಂಪಿಗೆ ಹೋದದ್ದು ಅದಾದ ಮೇಲೆಯೇ. ಹತ್ತು ವರ್ಷ ದಾಟಿದ ಪೌಡರ್ ಸಿಲಿಂಡರ್‌ಗೆ ರೀಫಿಲ್ ಬೇಡ, ಹೊಸದು ತನ್ನಿ.

ಒಮ್ಮೆ ಒತ್ತಿ ನೋಡಿ

ರೀಫಿಲ್ ಹೊತ್ತಿಗೆ ಒಳಗಿನ ಹಳೆಯ ಪುಡಿಯನ್ನು ಹೇಗಿದ್ದರೂ ಚೆಲ್ಲುತ್ತಾರೆ. ಅದನ್ನು ಸುಮ್ಮನೆ ಕೊಡುವ ಬದಲು, ಗೇಜ್ ಹಸಿರಿನಲ್ಲಿರುವಾಗಲೇ ಖಾಲಿ ಸೈಟಿಗೆ ಒಯ್ದು ಮನೆಯವರೆಲ್ಲ ಒಂದೊಂದು ಸಲ ಒತ್ತಿ ನೋಡಿ. ಬೆಂಕಿ ಹಚ್ಚುವುದು ಬೇಡ, ಒಂದು ರಟ್ಟಿನ ಡಬ್ಬ ಇಟ್ಟರೆ ಸಾಕು. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನ ಸ್ಫೋಟದಲ್ಲಿ ಬೆಂಕಿ ನಂದಿಸುತ್ತಾ ಪ್ರಾಣ ಬಿಟ್ಟ ಸಿಬ್ಬಂದಿಯ ನೆನಪಿಗೆ ಅದನ್ನು ಆಚರಿಸುತ್ತಾರೆ. ಆ ವಾರದಲ್ಲಿ ಅಗ್ನಿಶಾಮಕ ದಳದವರು ಶಾಲೆ, ಕಚೇರಿಗಳಲ್ಲಿ ಬಳಸುವ ಬಗೆ ತೋರಿಸುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನವರು ಹತ್ತಿರದ ಠಾಣೆಗೆ ಹೋಗಿ ಕೇಳಿ ನೋಡಬಹುದು.

ನಾವು ಹೊಸ ಸಿಲಿಂಡರ್‌ಗೆ ವರ್ಷ ತುಂಬಿ, ರೀಫಿಲ್‌ಗೆ ಕೊಡುವ ಮುಂಚೆ ಪಕ್ಕದ ಖಾಲಿ ಸೈಟಿಗೆ ಹೋದೆವು. ಅಮ್ಮ ಸೆರಗು ಸಿಕ್ಕಿಸಿಕೊಂಡು ನಿಂತರು. ಮೊದಲ ಸಲ ಹಿಡಿ ಒತ್ತಿಕೊಂಡೇ ಪಿನ್ ಎಳೆದರು, ಬರಲಿಲ್ಲ. ಕೈ ಸಡಿಲ ಬಿಟ್ಟರು, ಬಂತು. ಡಬ್ಬದ ಬುಡಕ್ಕೇ ಸರಿಯಾಗಿ ಹೊಡೆದರು. ಮೋಡ ಇಳಿದ ಮೇಲೆ ಕೈಯಲ್ಲಿದ್ದ ಸಿಲಿಂಡರ್ ಕಡೆ ನೋಡಿ, "ಇಷ್ಟೇನಾ? ಮುಗೀತಾ?" ಅಂದರು.